ಮಗುವಿನ ಗಾಡಿ: ಮೊದಲು ಗಾಲಿ ನೋಡಿ

ನಮ್ಮ ಕಡೆಯ ಹಲವು ಮನೆಗಳ ಸಿಟೌಟಿನ ಮೂಲೆಯಲ್ಲಿ ಒಂದು ವಸ್ತುವನ್ನು ನೀವೂ ನೋಡಿರುತ್ತೀರಿ. ಮಗುವನ್ನು ಕೂರಿಸಿ ತಳ್ಳುವ ಗಾಡಿ, ಅಂದರೆ ಸ್ಟ್ರಾಲರ್. ಆದರೆ ಅದರಲ್ಲಿ ಮಗು ಇರುವುದಿಲ್ಲ. ಮಡಚದೆ ಬಿಟ್ಟ ಬಟ್ಟೆ, ಹಳೆಯ ಪೇಪರು, ಒಂದು ಕೊಡೆ ಇರುತ್ತವೆ. ಯಾರಾದರೂ ಕೇಳಿದರೆ, "ಮಗ ಗಲ್ಫಿನಿಂದ ತಂದದ್ದು, ಒಳ್ಳೆಯದು, ಆದರೆ ಇಲ್ಲಿ ಹೋಗುವುದಿಲ್ಲ" ಎಂಬ ಉತ್ತರ ಬರುತ್ತದೆ.

ನಮ್ಮ ಮನೆಯಲ್ಲೂ ಅಂಥದ್ದೊಂದಿತ್ತು. ಮಗಳ ಮೊದಲ ಹೆರಿಗೆಗೆ ನನ್ನ ಮಗ ಶಾರ್ಜಾದಿಂದ ತಂದಿದ್ದ. ನೀಲಿ ಬಣ್ಣ, ಮೆತ್ತನೆಯ ಸೀಟು, ಒಂದೇ ಕೈಯಲ್ಲಿ ಮಡಚಬಹುದಾದಷ್ಟು ಹಗುರ. ನಲವತ್ತು ದಿನ ಕಳೆದು, ಸ್ವಲ್ಪ ಸ್ವಲ್ಪ ನಡೆಯಬಹುದು ಎಂದು ಡಾಕ್ಟರು ಹೇಳಿದ ಮೇಲೆ ಒಂದು ಸಂಜೆ ಮಗಳು ಮಗುವನ್ನು ಅದರಲ್ಲಿ ಮಲಗಿಸಿಕೊಂಡು ಹೊರಟಳು. ನಾನು ಪಕ್ಕದಲ್ಲಿದ್ದೆ. ಅಂಗಳದ ಇಂಟರ್‌ಲಾಕ್ ಮೇಲೆ ಚೆನ್ನಾಗಿಯೇ ಹೋಯಿತು. ಗೇಟು ದಾಟಿದ ಮೇಲೆ ಜಲ್ಲಿ ಹಾಕಿದ ಇಳಿಜಾರು. ಹತ್ತು ಹೆಜ್ಜೆಯೂ ಆಗಿರಲಿಲ್ಲ, ಮುಂದಿನ ಗಾಲಿ ಒಂದು ಕಲ್ಲಿಗೆ ಅಡ್ಡವಾಗಿ ತಿರುಗಿ ನಿಂತುಬಿಟ್ಟಿತು. ಗಾಡಿ ಮುಂದಕ್ಕೆ ಮುಗ್ಗರಿಸಿತು, ಮಗು ಜಾರಿತು. ನಾನು ಕೈ ಅಡ್ಡ ಹಿಡಿದದ್ದರಿಂದ ಬೀಳಲಿಲ್ಲ. ನಮ್ಮ ತಪ್ಪೂ ಇತ್ತು. ಸೊಂಟದ ಬೆಲ್ಟನ್ನು ಮಾತ್ರ ಹಾಕಿದ್ದೆವು, ಹೆಗಲಿನದ್ದು ಹಾಕಿರಲಿಲ್ಲ.

"ಉಮ್ಮಾ, ಇದು ಬೇಡ" ಎಂದು ಮಗಳು ಅಂದೇ ಗಾಡಿಯನ್ನು ಮೂಲೆಗಿಟ್ಟಳು. ಅದರ ಜೊತೆಗೆ ಅವಳೂ ಕೋಣೆ ಸೇರಿದಳು. ನಂತರದ ನಾಲ್ಕು ತಿಂಗಳು ಚುಚ್ಚುಮದ್ದಿಗೆ ಹೋದದ್ದು ಬಿಟ್ಟರೆ ಅವಳು ಹೊರಗೆ ಕಾಲಿಟ್ಟದ್ದು ಕಡಿಮೆ. ಬೆನ್ನು ನೋವು, ನಿದ್ದೆ ಇಲ್ಲ, ಸಣ್ಣದಕ್ಕೆಲ್ಲ ಕಣ್ಣಲ್ಲಿ ನೀರು. ನಾವು ಅದನ್ನೆಲ್ಲ ಬಾಣಂತಿತನದ ದಣಿವು ಎಂದುಕೊಂಡೆವು. ಗಾಡಿಗೂ ಅದಕ್ಕೂ ಸಂಬಂಧವಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ನಾನು ಡಾಕ್ಟರಲ್ಲ. ಮೂವರು ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ತಾಯಿ, ಇಬ್ಬರು ಮೊಮ್ಮಕ್ಕಳ ಅಜ್ಜಿ. ಅನುಭವದಿಂದ ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಗಾಡಿಯನ್ನು ನಾವು ಮಗುವಿಗೆ ಕೊಡುವ ಉಡುಗೊರೆ ಎಂದು ತಿಳಿಯುತ್ತೇವೆ. ಮಗುವಿಗೆ ಗಾಡಿ ಬೇಕಿಲ್ಲ, ಅದಕ್ಕೆ ಮಡಿಲು ಸಾಕು. ಗಾಡಿ ಬೇಕಾಗಿರುವುದು ಮಗುವನ್ನು ನೋಡಿಕೊಳ್ಳುವವರಿಗೆ, ಮನೆಯಿಂದ ಹೊರಗೆ ಬರಲು, ನಾಲ್ಕು ಹೆಜ್ಜೆ ನಡೆಯಲು. ಆದ್ದರಿಂದ ನಿಮ್ಮ ದಾರಿಯಲ್ಲಿ ಹೋಗದ ಗಾಡಿ ಎಷ್ಟು ಚೆಂದವಿದ್ದರೂ ವ್ಯರ್ಥ. ಆರಿಸುವಾಗ ಮೊದಲು ನೋಡಬೇಕಾದದ್ದು ಗಾಲಿ ಮತ್ತು ದಾರಿ. ಬಣ್ಣ, ಸೀಟು, ಕಪ್ ಇಡುವ ಜಾಗ ಎಲ್ಲ ಆಮೇಲೆ.

ಎರಡು ಬಗೆಯ ಗಾಡಿ, ಎರಡು ಬಗೆಯ ದಾರಿ

ಇಂದು ಅಂಗಡಿಯಲ್ಲಿ ಕಾಣುವ ಗಾಡಿಗಳ ಹಿಂದೆ ಎರಡು ಬೇರೆ ಬೇರೆ ಕಥೆಗಳಿವೆ. ಇಂಗ್ಲೆಂಡಿನಲ್ಲಿ ಓವನ್ ಮೆಕ್ಲಾರೆನ್ ಎಂಬ ನಿವೃತ್ತ ವಿಮಾನ ಇಂಜಿನಿಯರ್ 1965ರಲ್ಲಿ ಕೊಡೆಯಂತೆ ಮಡಚುವ ಗಾಡಿಯನ್ನು ರೂಪಿಸಿದರು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರಗಳ ಚೌಕಟ್ಟಿನ ಕೆಲಸದಲ್ಲಿ ಪಳಗಿದವರು ಅವರು. ಬಸ್ಸು, ರೈಲು, ವಿಮಾನ ಹತ್ತಲು ಸುಲಭವಾಗುವ ಹಗುರವಾದ ಗಾಡಿ ಅದು. ಇಂದಿನ ಸಣ್ಣ ಗಾಲಿಯ ಹಗುರ ಗಾಡಿಗಳೆಲ್ಲ ಹೆಚ್ಚುಕಡಿಮೆ ಅದೇ ಕುಟುಂಬದವು. ಅವು ನುಣುಪು ನೆಲಕ್ಕೆ, ಮಾಲ್‌ಗೆ, ವಿಮಾನ ನಿಲ್ದಾಣಕ್ಕೆ ಹೇಳಿಸಿದವು.

ಇನ್ನೊಂದು ಕಥೆ ಅಮೆರಿಕದ್ದು. 1980ರ ದಶಕದಲ್ಲಿ ಫಿಲ್ ಬೇಚ್ಲರ್ ಎಂಬ ಪತ್ರಕರ್ತರೊಬ್ಬರು ತಾನು ಓಡುವಾಗ ಮಗುವನ್ನೂ ಜೊತೆಗೆ ಕರೆದೊಯ್ಯಲು ಗಾಡಿಗೆ ಸೈಕಲ್ ಗಾಲಿಗಳನ್ನು ಜೋಡಿಸಿದರು. ಅಲ್ಲಿಂದ ದೊಡ್ಡ ಗಾಲಿಯ, ಮೂರು ಚಕ್ರದ ಗಾಡಿಗಳ ಬಳಕೆ ಬೆಳೆಯಿತು. ಮಣ್ಣು, ಹುಲ್ಲು, ಜಲ್ಲಿ, ಒಡೆದ ಕಾಂಕ್ರೀಟು ಎಲ್ಲದರ ಮೇಲೂ ಹೋಗುವಂತೆ ಮಾಡಿದ ಗಾಡಿಗಳನ್ನು ಈಗ ಆಲ್‌ ಟೆರೇನ್ ಸ್ಟ್ರಾಲರ್ ಎಂದು ಮಾರುತ್ತಾರೆ.

ಗಲ್ಫಿನಿಂದ ಬರುವ ಗಾಡಿಗಳಲ್ಲಿ ಹೆಚ್ಚಿನವು ಮೊದಲ ಬಗೆಯವು. ಲಗೇಜಿನ ತೂಕ ನೋಡಿ ತರುವವರು ಹಗುರವಾದದ್ದನ್ನೇ ತರುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿಯ ಮಾಲಿನಲ್ಲಿ ಜಾರಿಕೊಂಡು ಹೋದ ಗಾಡಿ ಪುತ್ತೂರಿನ ಒಳರಸ್ತೆಯಲ್ಲೂ ಹಾಗೆಯೇ ಹೋಗಬೇಕು ಎಂದರೆ ಅದು ಗಾಡಿಯ ತಪ್ಪೂ ಅಲ್ಲ, ತಂದವರ ತಪ್ಪೂ ಅಲ್ಲ. ನಾವು ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಷ್ಟೆ.

ಗಾಲಿಯ ಲೆಕ್ಕ

ಲೆಕ್ಕ ಸರಳ. ನೇರವಾಗಿ ತಳ್ಳುವಾಗ ಗಾಲಿಯೊಂದು ತನ್ನ ಅರ್ಧ ಎತ್ತರದಷ್ಟಿರುವ ಮೆಟ್ಟಿಲನ್ನು ಹತ್ತಲಾರದು, ಎಷ್ಟು ತಳ್ಳಿದರೂ ತಡೆದು ನಿಲ್ಲುತ್ತದೆ. ಸುಲಭವಾಗಿ ಹತ್ತಬೇಕಾದರೆ ಅಡಚಣೆ ಅದಕ್ಕಿಂತ ಬಹಳ ಕಡಿಮೆ ಇರಬೇಕು. ಐದು ಇಂಚಿನ ಗಾಲಿಯ ಅರ್ಧವೆಂದರೆ ಎರಡೂವರೆ ಇಂಚು. ನಮ್ಮ ಕಾಂಕ್ರೀಟು ರಸ್ತೆಯ ಅಂಚು, ಚರಂಡಿಯ ಚಪ್ಪಡಿ, ಅಂಗಡಿಯ ಮುಂದಿನ ಕಟ್ಟೆ ಇವುಗಳಲ್ಲಿ ಎಷ್ಟು ಎರಡೂವರೆ ಇಂಚಿಗಿಂತ ಕೆಳಗಿವೆ ಎಂದು ನೀವೇ ಅಳೆದು ನೋಡಿ. ಹನ್ನೆರಡು ಇಂಚಿನ ಗಾಲಿಗೆ ಇವುಗಳಲ್ಲಿ ಅರ್ಧದಷ್ಟು ತೊಂದರೆಯೇ ಅಲ್ಲ.

ಎರಡನೆಯದು ಗಾಲಿಯೊಳಗೆ ಏನಿದೆ ಎಂಬುದು. ಗಟ್ಟಿ ಪ್ಲಾಸ್ಟಿಕ್ ಗಾಲಿ ಪ್ರತಿ ಕಲ್ಲಿನ ಪೆಟ್ಟನ್ನೂ ನೇರವಾಗಿ ಸೀಟಿಗೆ ತಲುಪಿಸುತ್ತದೆ. ಗಾಳಿ ತುಂಬಿದ ರಬ್ಬರ್ ಟೈರು ಮತ್ತು ಚೌಕಟ್ಟಿನಲ್ಲಿರುವ ಸ್ಪ್ರಿಂಗು ಆ ಪೆಟ್ಟನ್ನು ತಾವು ತಿನ್ನುತ್ತವೆ. ಗಾಳಿ ಟೈರಿಗೆ ಪಂಕ್ಚರ್ ಭಯ ಇದೆ ನಿಜ. ಆದರೆ ಹಲವು ಗಾಡಿಗಳ ಹನ್ನೆರಡು ಇಂಚಿನ ಟ್ಯೂಬು ಸಣ್ಣ ಮಕ್ಕಳ ಸೈಕಲ್ಲಿನ ಅಳತೆಯದ್ದೇ ಆಗಿರುತ್ತದೆ, ಊರಿನ ಸೈಕಲ್ ಅಂಗಡಿಯವರು ಹಾಕಿಕೊಡುತ್ತಾರೆ. ಟೈರಿನ ಪಕ್ಕದಲ್ಲಿ ಬರೆದಿರುವಷ್ಟೇ ಗಾಳಿ ಹಾಕಿಸಿ, ಅದನ್ನೂ ಕೈಪಂಪಿನಲ್ಲಿ. ಪೆಟ್ರೋಲ್ ಬಂಕಿನ ಯಂತ್ರದಲ್ಲಿ ಹಾಕಿದರೆ ಸಣ್ಣ ಟೈರು ಒಡೆಯಬಹುದು. ಪಂಕ್ಚರ್ ಬೇಡ ಎನ್ನುವವರಿಗೆ ಒಳಗೆ ಫೋಮ್ ತುಂಬಿದ ಟೈರುಗಳೂ ಬಂದಿವೆ.

ಮೂರನೆಯದು ಮುಂದಿನ ಗಾಲಿಯ ಲಾಕ್. ಅಂಗಡಿ, ಆಸ್ಪತ್ರೆಯಂಥ ಕಡೆ ಮುಂದಿನ ಗಾಲಿ ಸುತ್ತಲೂ ತಿರುಗಬೇಕು. ಜಲ್ಲಿ, ಮಣ್ಣಿನ ಮೇಲೆ ಅದನ್ನು ನೇರಕ್ಕೆ ಬಿಗಿದು ನಿಲ್ಲಿಸುವ ವ್ಯವಸ್ಥೆ ಇರಬೇಕು. ನಮ್ಮ ಮನೆಯ ಗಾಡಿ ಮುಗ್ಗರಿಸಿದ್ದು ಈ ಲಾಕ್ ಇಲ್ಲದ್ದರಿಂದಲೇ. ಮೂರು ಗಾಲಿಯದ್ದು ಒರಟು ದಾರಿಯಲ್ಲಿ ಸುಲಭವಾಗಿ ತಿರುಗುತ್ತದೆ, ಆದರೆ ಒಂದು ಪಕ್ಕದ ಗಾಲಿ ಎತ್ತರದ ಮೇಲೆ ಹತ್ತಿದರೆ ವಾಲುತ್ತದೆ. ನಾಲ್ಕು ಗಾಲಿಯದ್ದು ಹೆಚ್ಚು ಸ್ಥಿರ. ಕಡಲ ತೀರದ ಮರಳಿನಲ್ಲಿ ಯಾವ ಗಾಡಿಯೂ ನೆಟ್ಟಗೆ ಹೋಗದು. ಪಣಂಬೂರಿಗೋ ತಣ್ಣೀರುಬಾವಿಗೋ ಹೋದಾಗ ಅಗಲ ಟೈರಿನ ಗಾಡಿಯನ್ನೂ ಮುಂಗಾಲಿ ಸ್ವಲ್ಪ ಎತ್ತಿ ಹಿಂದಕ್ಕೆ ಎಳೆದುಕೊಂಡು ಹೋಗುವುದೇ ಸುಲಭ.

ಇಳಿಜಾರು, ಬ್ರೇಕು, ಬೆಲ್ಟು

ಕರಾವಳಿ, ಮಲೆನಾಡಿನಲ್ಲಿ ಸಮತಟ್ಟು ದಾರಿ ಅಪರೂಪ. ಆದ್ದರಿಂದ ಕಾಲಿನಲ್ಲಿ ಒತ್ತುವ ಬ್ರೇಕು ಎರಡೂ ಹಿಂಗಾಲಿಗಳನ್ನು ಒಟ್ಟಿಗೆ ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಗಾಡಿಯ ಹಿಡಿಕೆಯನ್ನು ನಿಮ್ಮ ಮಣಿಕಟ್ಟಿಗೆ ಜೋಡಿಸುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಕೈ ಜಾರಿದರೂ ಗಾಡಿ ಇಳಿಜಾರಿನಲ್ಲಿ ಓಡಿಹೋಗುವುದಿಲ್ಲ.

ಬೆಲ್ಟು ಐದು ಕಡೆ ಹಿಡಿಯಬೇಕು: ಎರಡು ಹೆಗಲು, ಸೊಂಟದ ಎರಡು ಬದಿ, ಕಾಲುಗಳ ನಡುವೆ ಒಂದು. ಇದ್ದರೆ ಸಾಲದು, ಪ್ರತಿ ಸಲವೂ ಐದನ್ನೂ ಹಾಕಬೇಕು, ಗೇಟಿನವರೆಗೆ ಹೋಗುವುದಾದರೂ ಸರಿ. ಹಿಡಿಕೆಗೆ ತರಕಾರಿ ಚೀಲ ನೇತುಹಾಕುವುದು ನಮ್ಮೆಲ್ಲರ ಅಭ್ಯಾಸ. ಮಗುವನ್ನು ಎತ್ತಿದ ಕೂಡಲೇ ಗಾಡಿ ಹಿಂದಕ್ಕೆ ಮಗುಚುವುದೂ ಅದರಿಂದಲೇ. ಮಗು ಒಳಗಿರುವಾಗಲೇ ಮಗುಚಿದರೆ ಏನಾಗಬಹುದು ಎಂದು ಹೇಳಬೇಕಿಲ್ಲ. ಭಾರ ಸೀಟಿನ ಕೆಳಗಿನ ಬುಟ್ಟಿಯಲ್ಲಿರಲಿ.

ಮಡಚುವಾಗ, ಬಿಡಿಸುವಾಗ ಮಕ್ಕಳು ದೂರವಿರಲಿ. 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಗಾಡಿಗಳ ಕೀಲುಗಳಿಗೆ ಮುಚ್ಚಳ ಹಾಕಿಸಬೇಕಾಗಿ ಬಂತು. ಕಾರಣ, ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ ಪ್ರಕರಣಗಳು. ಹೆಸರಾಂತ ಗಾಡಿಯಲ್ಲೂ ಇಂಥದ್ದು ಆಗುತ್ತದೆ. ಗಾಡಿಯ ಮೇಲೆ ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್‌833 ಎಂಬ ಸುರಕ್ಷತಾ ಮಾನದಂಡದ ಉಲ್ಲೇಖ ಇದೆಯೇ ಎಂದು ನೋಡುವುದು ಒಳ್ಳೆಯದು.

ಎಷ್ಟು ತಿಂಗಳಿಗೆ ಯಾವುದು?

ಇಲ್ಲಿ ಅವಸರ ಬೇಡ. ಕುತ್ತಿಗೆ ನಿಲ್ಲದ ಹಸುಗೂಸು ಚಪ್ಪಟೆಯಾಗಿ ಮಲಗಬೇಕು. ಒರಗಿ ಕೂರುವ ಸೀಟಿನಲ್ಲಿ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರಾಟಕ್ಕೆ ತೊಂದರೆ. ಆರು ತಿಂಗಳವರೆಗೆ ಪೂರ್ತಿ ಮಲಗಿಸಬಹುದಾದ ಸೀಟು ಅಥವಾ ತೊಟ್ಟಿಲಿನಂಥ ಭಾಗ ಇರುವ ಗಾಡಿ ಮಾತ್ರ ಸರಿ. ಅದೂ ನಯವಾದ ದಾರಿಯಲ್ಲಿ, ನಿಧಾನ ನಡಿಗೆಯಲ್ಲಿ.

ಮಗುವನ್ನು ಕೂರಿಸಿಕೊಂಡು ಓಡುವ ಆಸೆ ಇರುವ ತಂದೆತಾಯಿಗಳಿಗೂ ಒಂದು ಮಾತು. ಆರು ತಿಂಗಳಾದರೂ ತುಂಬಬೇಕು. ಕೆಲವು ತಯಾರಕರು ಎಂಟು ತಿಂಗಳು ಎನ್ನುತ್ತಾರೆ. ಮಕ್ಕಳ ವೈದ್ಯರನ್ನು ಕೇಳಿಯೇ ಶುರು ಮಾಡಿ. ಆಲ್‌ ಟೆರೇನ್ ಎಂದು ಬರೆದ ಮಾತ್ರಕ್ಕೆ ಅದು ಓಡಲು ಮಾಡಿದ ಗಾಡಿಯಲ್ಲ. ಓಡಬಹುದು ಎಂದು ಅದರ ಪುಸ್ತಿಕೆಯಲ್ಲಿ ಬರೆದಿದ್ದರೆ ಮಾತ್ರ ಓಡಿ.

ಇನ್ನೊಂದು ಮಿತಿಯೂ ಇದೆ. ಸಣ್ಣ ಮಕ್ಕಳನ್ನು ಗಾಡಿಯಲ್ಲಾಗಲಿ, ಬೆನ್ನಿಗೆ ಕಟ್ಟಿಕೊಂಡಾಗಲಿ, ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಬಿಗಿದು ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಗಾಡಿ ನಡಿಗೆಗಾಗಿ ಇರುವುದು. ಟಿವಿ ಮುಂದೆ ಮಗುವನ್ನು ಸುಮ್ಮನಿರಿಸಲು ಅಲ್ಲ, ರಾತ್ರಿ ಮಲಗಿಸಲೂ ಅಲ್ಲ.

ಬಟ್ಟೆ ಮುಚ್ಚಬೇಡಿ, ಬೂಸ್ಟು ಬಿಡಬೇಡಿ

ಬಿಸಿಲು, ಧೂಳು, ನೊಣ ಎಂದು ಗಾಡಿಯ ಮೇಲೆ ಬಟ್ಟೆ ಹೊದಿಸುವುದನ್ನು ಎಲ್ಲೆಡೆ ಕಾಣುತ್ತೇವೆ. ಮಗುವಿನ ಮೇಲಿನ ಪ್ರೀತಿಯಿಂದ ಮಾಡುವ ಈ ಕೆಲಸವೇ ಅಪಾಯ. ಸ್ವೀಡನ್ನಿನ ದಿನಪತ್ರಿಕೆಯೊಂದು ಬೇಸಿಗೆಯ ದಿನ ಇದನ್ನು ಅಳೆದು ನೋಡಿತು. ಮುಚ್ಚದ ಗಾಡಿಯೊಳಗೆ 22 ಡಿಗ್ರಿ ಇದ್ದ ಶಾಖ, ತೆಳುವಾದ ಬಟ್ಟೆ ಹೊದಿಸಿದ ಅರ್ಧ ಗಂಟೆಯಲ್ಲಿ 34, ಒಂದು ಗಂಟೆಯಲ್ಲಿ 37 ಡಿಗ್ರಿಗೆ ಏರಿತ್ತು. ಅದು ಸ್ವೀಡನ್ನಿನ ಬೇಸಿಗೆ. ನಮ್ಮ ಏಪ್ರಿಲ್ ಹೇಗಿರುತ್ತದೆ ಎಂದು ಯೋಚಿಸಿ. ಗಾಡಿಯದ್ದೇ ಚಾವಣಿ ಉದ್ದವಾಗಿರಲಿ, ಗಾಳಿಯಾಡುವ ಜಾಲರಿ ಇರಲಿ. ಬಿಸಿಲಿಳಿದ ಮೇಲೆ ಹೊರಡಿ. ಮಳೆಯ ಪ್ಲಾಸ್ಟಿಕ್ ಹೊದಿಕೆಯನ್ನೂ ಮಳೆ ನಿಂತ ತಕ್ಷಣ ತೆಗೆಯಿರಿ.

ಹೊಗೆಯ ವಿಷಯ. ವಾಹನಗಳ ಹೊಗೆಕೊಳವೆಯ ಎತ್ತರವೂ ಗಾಡಿಯಲ್ಲಿರುವ ಮಗುವಿನ ಮೂಗಿನ ಎತ್ತರವೂ ಹೆಚ್ಚುಕಡಿಮೆ ಒಂದೇ. ಗಾಡಿಯಲ್ಲಿರುವ ಮಗು ದೊಡ್ಡವರಿಗಿಂತ ಶೇಕಡಾ 60ರವರೆಗೂ ಹೆಚ್ಚು ಮಾಲಿನ್ಯಕ್ಕೆ ಒಡ್ಡಿಕೊಳ್ಳಬಹುದು ಎಂದು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಎಚ್ಚರಿಸಿದ್ದರು. ಹೆದ್ದಾರಿಯ ಅಂಚಿಗಿಂತ ಒಳದಾರಿ ಒಳ್ಳೆಯದು ಎನ್ನಲು ಇದೂ ಒಂದು ಕಾರಣ. ಒಳದಾರಿಗೆ ಹೋಗಬೇಕಾದರೆ ಮತ್ತೆ ದೊಡ್ಡ ಗಾಲಿಯೇ ಬೇಕು.

ಶುಚಿತ್ವವನ್ನು ಮರೆಯಬಾರದು. ಸೀಟಿನ ಬಟ್ಟೆ ಬಿಚ್ಚಿ ತೊಳೆಯಲು ಬರುವಂತಿರಬೇಕು. ಹಾಲು, ಬಿಸ್ಕತ್ತಿನ ಚೂರು, ಮೂತ್ರ ಎಲ್ಲ ಸೇರುವ ಜಾಗ ಅದು. ನಮ್ಮ ಮಳೆಗಾಲದಲ್ಲಿ ಒದ್ದೆ ಸೀಟನ್ನು ಮಡಚಿಟ್ಟರೆ ಒಂದು ವಾರದಲ್ಲಿ ಕಪ್ಪು ಬೂಸ್ಟು ಹಿಡಿಯುತ್ತದೆ, ಮಗು ಅದರ ಮೇಲೆಯೇ ಉಸಿರಾಡುತ್ತದೆ. ಹೊರಗೆ ಹೋಗಿ ಬಂದ ಗಾಲಿ ಚಪ್ಪಲಿ ಇದ್ದಂತೆ. ಉಗುಳು, ಸೆಗಣಿ, ಚರಂಡಿ ನೀರು ಎಲ್ಲದರ ಮೇಲೆ ಬಂದಿರುತ್ತದೆ. ಅದನ್ನು ಒಳಗೆ ತರುವ ಮೊದಲು ತೊಳೆಯಿರಿ, ಇಲ್ಲವೇ ಹೊರಗೇ ನಿಲ್ಲಿಸಿ. ಕಡಲ ತೀರದಿಂದ ಬಂದ ದಿನ ಸಿಹಿನೀರಿನಲ್ಲಿ ತೊಳೆದು ಒರೆಸದಿದ್ದರೆ ಕೀಲುಗಳು ತುಕ್ಕು ಹಿಡಿಯುತ್ತವೆ.

ಯಾರು ಕೊಳ್ಳಬಾರದು?

ದೊಡ್ಡ ಗಾಲಿಯ ಗಾಡಿ ಎಲ್ಲರಿಗೂ ಸರಿ ಎಂದು ನಾನು ಹೇಳುವುದಿಲ್ಲ. ಸಾಮಾನ್ಯವಾಗಿ ಅದರ ತೂಕ ಹತ್ತರಿಂದ ಹದಿನಾಲ್ಕು ಕಿಲೋ. ಸಿಸೇರಿಯನ್ ಆದವರು ಮೊದಲ ಆರು ವಾರ ಮಗುವಿಗಿಂತ ಭಾರದ ವಸ್ತು ಎತ್ತಬಾರದು ಎಂದು ವೈದ್ಯರು ಹೇಳುತ್ತಾರೆ. ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿರುವ ತಾಯಿ ಅದನ್ನು ಹೊತ್ತು ಇಳಿಯುವುದೆಂತು? ಆಟೋದಲ್ಲಿ ಹಿಡಿಯುವುದು ಕಷ್ಟ, ಗ್ಯಾಸ್ ಸಿಲಿಂಡರ್ ಇರುವ ಸಣ್ಣ ಕಾರಿನ ಡಿಕ್ಕಿಯಲ್ಲೂ ಹಿಡಿಯದು. ಬಸ್ಸಿನಲ್ಲಿ ತಿರುಗಾಡುವವರಿಗಂತೂ ಬೇಡವೇ ಬೇಡ. ಬೆಲೆಯೂ ಹಗುರ ಗಾಡಿಗಿಂತ ಬಹಳ ಹೆಚ್ಚು.

ಅಂಥವರಿಗೆ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್ ಸಾಕು. ಮಗುವಿನ ಮುಖ ಸದಾ ನಿಮಗೆ ಕಾಣುತ್ತಿರಲಿ, ಮೂಗು ಬಾಯಿ ಮುಚ್ಚದಿರಲಿ, ಗಲ್ಲ ಎದೆಗೆ ಒತ್ತದಿರಲಿ. ಮೆಟ್ಟಿಲು, ಬಸ್ಸು, ಗದ್ದೆಯ ಬದು, ಎಲ್ಲಿಗೂ ಅದು ಬರುತ್ತದೆ.

"ನಾವೆಲ್ಲ ಗಾಡಿ ಇಲ್ಲದೆಯೇ ಮಕ್ಕಳನ್ನು ಸಾಕಲಿಲ್ಲವೇ?" ಎಂದು ನನ್ನ ಓರಗೆಯವರು ಕೇಳುತ್ತಾರೆ. ಸಾಕಿದೆವು. ಆದರೆ ಆಗ ಮನೆತುಂಬ ಜನ ಇದ್ದರು. ಒಬ್ಬರ ಸೊಂಟ ದಣಿದರೆ ಇನ್ನೊಬ್ಬರ ಸೊಂಟ ಇತ್ತು. ಇಂದು ಗಂಡ ಪರದೇಶದಲ್ಲಿ, ಅತ್ತೆಗೆ ಮಂಡಿನೋವು, ಮನೆಯಲ್ಲಿ ಇರುವುದು ಒಬ್ಬಳು ಹೆಣ್ಣುಮಗಳು ಮತ್ತು ಎಂಟು ಕಿಲೋದ ಮಗು. ದೊಡ್ಡವರು ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯುವಷ್ಟು ಶ್ರಮ ಮಾಡಬೇಕು, ಬೇರೆ ತೊಂದರೆ ಇಲ್ಲದ ಬಾಣಂತಿಯರಿಗೂ ಇದು ಅನ್ವಯ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮಗುವನ್ನು ಯಾರ ಕೈಗೆ ಕೊಟ್ಟು ಅವಳು ನಡೆಯಬೇಕು? ಈ ಪ್ರಶ್ನೆಗೆ ಉತ್ತರ ಇಲ್ಲದ ಮನೆಯಲ್ಲಿ ಸರಿಯಾದ ಗಾಡಿ ಐಷಾರಾಮವಲ್ಲ, ಔಷಧಿಯಷ್ಟೇ ಅಗತ್ಯ.

ಖರ್ಚಿಗೂ ದಾರಿ ಇದೆ. ಗಾಡಿಯ ಬಳಕೆ ಎರಡು ಮೂರು ವರ್ಷ ಮಾತ್ರ. ಆಮೇಲೆ ಅಟ್ಟ ಸೇರುತ್ತದೆ. ನೆಂಟರಲ್ಲಿ, ನೆರೆಹೊರೆಯಲ್ಲಿ ಕೇಳಿ ನೋಡಿ. ಹಳೆಯದನ್ನು ತೆಗೆದುಕೊಳ್ಳುವಾಗ ಬ್ರೇಕು, ಬೆಲ್ಟಿನ ಕೊಕ್ಕೆ, ಮಡಚುವ ಲಾಕ್ ಮತ್ತು ಚೌಕಟ್ಟಿನ ಬಿರುಕು, ಈ ನಾಲ್ಕನ್ನು ನೋಡಿ. ತೊಳೆದು ಬಿಸಿಲಿಗೆ ಒಣಗಿಸಿ ಬಳಸಿ. ನಿಮ್ಮ ಕೆಲಸ ಮುಗಿದ ಮೇಲೆ ಇನ್ನೊಂದು ಮನೆಗೆ ಕೊಡಿ.

ಇನ್ನೊಂದು ಮಾತು ದಾರಿಯ ಬಗ್ಗೆ. ಕಾಲುದಾರಿ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅದರ ಅಂಚು 15 ಸೆಂಟಿಮೀಟರ್‌ಗಿಂತ ಎತ್ತರ ಇರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳಿತ್ತು. ಮಗುವಿನ ಗಾಡಿ ಹೋಗದ ದಾರಿಯಲ್ಲಿ ಗಾಲಿಕುರ್ಚಿಯೂ ಹೋಗದು, ಊರುಗೋಲಿನ ಅಜ್ಜನೂ ಹೋಗಲಾರ. ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ತಾಯಂದಿರು ಇದನ್ನು ಕೇಳಬೇಕು.

ಮಗಳ ಎರಡನೇ ಹೆರಿಗೆಯಾದಾಗ ನಾವು ಬುದ್ಧಿ ಕಲಿತಿದ್ದೆವು. ಪರಿಚಯದವರ ಮನೆಯಲ್ಲಿ ಸುಮ್ಮನೆ ನಿಂತಿದ್ದ ದೊಡ್ಡ ಗಾಲಿಯ ಗಾಡಿಯನ್ನು ಅರ್ಧ ಬೆಲೆಗೆ ತಂದೆವು. ಮುಂದೆ ಹನ್ನೆರಡು, ಹಿಂದೆ ಹದಿನಾರು ಇಂಚಿನ ಗಾಳಿ ಟೈರು. ಅದರ ಸೀಟು ಪೂರ್ತಿ ಮಲಗುತ್ತಿರಲಿಲ್ಲ, ಹಾಗಾಗಿ ಆರು ತಿಂಗಳವರೆಗೆ ಮಗಳು ಬಟ್ಟೆಯ ಕ್ಯಾರಿಯರಿನಲ್ಲೇ ಮಗುವನ್ನು ಹೊತ್ತು ನಡೆದಳು. ಆಮೇಲೆ ಗಾಡಿ. ಭಾರವೆಂದು ಅದನ್ನು ಮೆಟ್ಟಿಲು ಹತ್ತಿಸುತ್ತಿರಲಿಲ್ಲ, ಕೆಳಗೆ ಶೀಟಿನಡಿಯಲ್ಲೇ ನಿಲ್ಲಿಸುತ್ತಿದ್ದಳು.

ಮೊದಲ ದಿನ ಅದೇ ಜಲ್ಲಿಯ ಇಳಿಜಾರಿನ ಹತ್ತಿರ ಬಂದಾಗ ಅವಳು ಒಂದು ಕ್ಷಣ ನಿಂತಳು. ಮುಂಗಾಲಿಯ ಲಾಕ್ ಹಾಕಿದಳು, ಮಣಿಕಟ್ಟಿಗೆ ಪಟ್ಟಿ ಸಿಕ್ಕಿಸಿಕೊಂಡಳು, ಐದು ಬೆಲ್ಟನ್ನೂ ಒಮ್ಮೆ ಮುಟ್ಟಿ ನೋಡಿದಳು. ಆಮೇಲೆ ಇಳಿದಳು. ನಾನು ಪಕ್ಕದಲ್ಲಿ ಕೈ ಚಾಚಿಕೊಂಡೇ ಇದ್ದೆ, ಅದರ ಅಗತ್ಯ ಬೀಳಲಿಲ್ಲ. ಈಗ ಸಂಜೆ ಐದಕ್ಕೆ ದೊಡ್ಡ ಹುಡುಗ ಮುಂದೆ ಓಡುತ್ತಾನೆ, ಚಿಕ್ಕವಳು ಗಾಡಿಯಲ್ಲಿ, ಮಗಳು ಹಿಂದೆ. ಮುಖ್ಯರಸ್ತೆಯ ಅರಳಿಕಟ್ಟೆಯವರೆಗೆ ಹೋಗಿ ಬರುತ್ತಾರೆ. ರಾತ್ರಿ ಅವಳಿಗೆ ನಿದ್ದೆ ಬರುತ್ತದೆ.

ಗಾಡಿ ಕೊಳ್ಳಬೇಕೆಂದಿದ್ದರೆ ಅಂಗಡಿಗೆ ಹೋಗುವ ಮೊದಲು ಒಂದು ಅಳತೆ ಟೇಪು ಹಿಡಿದು ನಿಮ್ಮ ಬಾಗಿಲಿನಿಂದ ದಿನಾ ನಡೆಯಬೇಕೆಂದಿರುವ ಜಾಗದವರೆಗೆ ಹೋಗಿ ಬನ್ನಿ. ಬಾಗಿಲಿನ ಅಗಲ, ಮೆಟ್ಟಿಲುಗಳ ಲೆಕ್ಕ, ದಾರಿಯ ಅತಿ ಎತ್ತರದ ಅಂಚು, ಅತಿ ಕಡಿದಾದ ಇಳಿಜಾರು ಇವನ್ನು ಬರೆದುಕೊಳ್ಳಿ. ಗಾಡಿಯನ್ನು ತಳ್ಳುವವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ಎತ್ತಿಸಿ, ಮಡಚಿಸಿ ನೋಡಿ. ಪರದೇಶದಲ್ಲಿರುವ ಮಗನಿಗೋ ಅಣ್ಣನಿಗೋ ಹೇಳುವುದಾದರೆ ಮೊದಲು ದಾರಿಯ ಫೋಟೋ ಕಳುಹಿಸಿ, ಬಣ್ಣವನ್ನು ಆಮೇಲೆ ಹೇಳಿ.